ದೊರೆಮಗ ಮೀನು ಬಿಟ್ಟ ಕಥೆ

ಹ್ಞೂಂ ಅನ್ನೋಕೆ ಒಬ್ಬರಾದ್ರೂ ಎಚ್ಚರ ಇರ್ರಪ್ಪ, ಇಲ್ಲಾಂದ್ರೆ ನಾನು ಹೇಳೋಳಲ್ಲ. ಯಾವ ಕಾಲ ಅಂತ ಕೇಳ್ಬೇಡಿ, ನಮ್ಮಜ್ಜಿಗೇ ಗೊತ್ತಿರ್ಲಿಲ್ಲ. ಯಾವ ಸೀಮೆ ಅಂತಾನೂ ಕೇಳ್ಬೇಡಿ, ಹೇಳಿದ್ರೆ ಅಲ್ಲಿಯವರು ಜಗಳಕ್ಕೆ ಬರ್ತಾರೆ. ಒಂದು ಸೀಮೆ, ಅದಕ್ಕೊಬ್ಬ ದೊರೆ, ಕೋಟೆ ಪಕ್ಕ ಒಂದು ಹೊಳೆ, ಹೊಳೇಲಿ ಗಂಗಮ್ಮನ ಮಡು. ಮಡು ತುಂಬ ಗೆಂಡೆ ಮೀನು.

ಆ ಸೀಮೇಲೊಂದು ಪದ್ಧತಿ. ದೊರೆ ತೀರ್ಕೊಂಡ್ರೆ ಮಗ ಸುಮ್ನೆ ಹೋಗಿ ಗದ್ದುಗೆ ಮೇಲೆ ಕೂರೋ ಹಾಗಿಲ್ಲ. ಮಡುವಿಗೆ ಗಾಳ ಹಾಕಿ ಕೈಯಾರೆ ಮೀನು ಹಿಡೀಬೇಕು, ಹಿಡಿದದ್ದನ್ನ ಜನರ ಎದುರಿಗೇ ವಾಪಸ್ಸು ಬಿಡಬೇಕು. ಮೀನು ಈಜಿಕೊಂಡು ಹೋಯ್ತೋ, ಗಂಗಮ್ಮ ಒಪ್ಪಿದಳು, ಅವನೇ ದೊರೆ. ಹೊಟ್ಟೆ ಮೇಲಾಗಿ ತೇಲಿತೋ, ಒಪ್ಪಲಿಲ್ಲ. ಮೂರು ಸಲ ಅವಕಾಶ. ಮೂರೂ ತೇಲಿದ್ರೆ ಗದ್ದುಗೆ ದಾಯಾದಿಗೆ, ಮಗನೂ ತಾಯಿಯೂ ಉಟ್ಟ ಬಟ್ಟೇಲಿ ಕೋಟೆ ಬಿಟ್ಟು ಹೊರಡಬೇಕು.

ಹಿಂಗಿರುವಾಗ ಮುದಿ ದೊರೆ ತೀರ್ಕೊಂಡ. ಮಗ ಭೈರರಾಯ ಏನು ಮಾಡ್ದ? ಬೆಸ್ತರನ್ನೆಲ್ಲ ಕರೆಸಿ ಮೀನು ಹಿಡಿಯೋದು ಕಲಿತ. ಗಾಳದ ತುದೀಲಿ ಹಿಂದಕ್ಕೆ ಬಾಗಿದ ಪುಟ್ಟ ಮುಳ್ಳಿರುತ್ತಲ್ಲ, ಕಚ್ಚಿದ ಮೀನು ಜಾರದ ಹಾಗೆ? ಅದನ್ನ ದುಪ್ಪಟ್ಟು ದೊಡ್ಡದು ಮಾಡಿಸಿದ. ಹಿಡಿಯೋದು ಕಲಿತ, ಹಿಡಿಯೋದು ಕಲಿತ, ಹಿಡಿಯೋದು ಕಲಿತ. ಬಿಡೋದು? "ಬಿಡೋದೇನು ಬುದ್ಧಿ, ಕೈ ಸಡಿಲ ಮಾಡಿದ್ರೆ ಆಯ್ತು" ಅಂದ್ರು ಬೆಸ್ತರು. ಪಾಪ, ಅವರ ತಪ್ಪೇನು? ಹಿಡಿದ ಮೀನು ಬಿಟ್ಟವನು ಅವರ ವಂಶದಲ್ಲೇ ಇಲ್ಲ. ಅವರು ಗಾಳ ತೆಗೀತಿದ್ದದ್ದು ಮೀನು ಸತ್ತ ಮೇಲೆ.

ಆ ದಿನ ಬಂತು. ದಡದ ತುಂಬ ಜನ. ಈ ಕಡೆ ಕೊಡೆ ನೆರಳಲ್ಲಿ ತಾಯಿ ದೊಡ್ಡಮ್ಮಣ್ಣಿ ಎಲೆಅಡಿಕೆ ಹಾಕ್ಕೊಂಡು ಕೂತಿದ್ದಳು. ಆ ಕಡೆ ದಾಯಾದಿ ಸೋಮರಾಯ, ಹೊಸ ಪೇಟ ಸುತ್ಕೊಂಡು ಬಂದಿದ್ದ.

ಮೊದಲನೇ ಮೀನು ಕಚ್ಚಿತು. ಭೈರರಾಯ ಎಳೆದು ಬಿಸಿ ಮರಳ ಮೇಲೆ ಹಾಕಿದ. ಗಂಗಮ್ಮನ ಮೀನಲ್ವೇ, ಸುಮ್ನೆ ಬಿಡೋಕಾಗುತ್ತಾ? ಪೂಜಾರಿ ಅರಿಶಿನ ಬಳಿದ, ಕುಂಕುಮ ಇಟ್ಟ, ಹಾರ ಹಾಕಿದ. ಹೊಗಳುಭಟ್ಟ ಎದುರಿಗೆ ನಿಂತು ವಂಶವನ್ನೆಲ್ಲ ಹೊಗಳಿದ. ಮೀನು ಬಾಯಿ ಬಾಯಿ ಬಿಡ್ತಿತ್ತು. "ನೋಡಿ ಬುದ್ಧಿ, ಅದೂ ನಿಮ್ಮನ್ನ ಹೊಗಳ್ತಿದೆ!" ಅಂದ ಭಟ್ಟ. ಆಮೇಲೆ ಭೈರರಾಯ ಗಾಳ ಹಿಡಿದು ಒಂದೇ ಏಟಿಗೆ ಸೆಳೆದ. ದವಡೆ ಹರಿದು ಬಂತು. ನೀರಿಗೆ ಬಿಟ್ಟ. ತೇಲಿತು.

"ಮಗಾ, ಒಂದು ಮಾತು ಹೇಳ್ಲಾ?" ಅಂದಳು ತಾಯಿ.

"ಸುಮ್ನಿರವ್ವ, ಗಂಡಸರ ಕೆಲಸ ಇದು."

ಎರಡನೇದು ಗಾಳವನ್ನೇ ನುಂಗಿಬಿಟ್ಟಿತ್ತು. "ದಾರ ಕತ್ತರಿಸಿ ಹಂಗೇ ಬಿಡು ಕಂದ, ಎಳೀಬೇಡ" ಅಂತ ತಾಯಿ ಅಂದಳು. "ಗಾಳ ತೆಗೆಯೋಕಾಗದೆ ದಾರ ಕತ್ತರಿಸಿದ್ರೆ ಜನ ನಗಲ್ವಾ? ಸುಮ್ನಿರವ್ವ!" ಒಣ ರೇಷ್ಮೆ ಶಲ್ಯದಲ್ಲಿ ಮೀನನ್ನ ಅಮುಕಿ ಹಿಡಿದು ಎಳೆದ. ಗಾಳದ ಜೊತೆ ಕರುಳೂ ಬಂತು. ಮೀನನ್ನ ಕಾಯೋ ಮೈಮೇಲಿನ ಲೋಳೆಯೆಲ್ಲ ಶಲ್ಯಕ್ಕೆ ಅಂಟಿತು. ಅದೂ ತೇಲಿತು. "ನೇರ ಗಂಗಮ್ಮನ ಪಾದಕ್ಕೇ ಹೋಯ್ತು, ಏನು ಪುಣ್ಯ!" ಅಂದ ಭಟ್ಟ. ಸೋಮರಾಯ ಪೇಟ ಸರಿ ಮಾಡ್ಕೊಂಡ.

ಈಗ ಭೈರರಾಯನಿಗೆ ಹೆದರಿಕೆ ಹತ್ತಿತು. ಉಳಿದದ್ದು ಒಂದೇ ಸಲ. ವಯಸ್ಸಾದ ತಾಯಿಯನ್ನ ಕರ್ಕೊಂಡು ಎಲ್ಲಿಗೆ ಹೋಗೋದು? ತಾಯಿ ಕಡೆ ನೋಡ್ತಾನೇ ಗಾಳಕ್ಕೆ ಎರೆಹುಳ ಸಿಕ್ಕಿಸೋಕೆ ಹೋದ. ಗಾಳ ಹುಳಕ್ಕೆ ಹೋಗ್ಲಿಲ್ಲ, ಹೆಬ್ಬೆಟ್ಟಿಗೆ ಹೋಯ್ತು. ಈ ಕಡೆ ಹೊಕ್ಕು ಆ ಕಡೆ ಮೂತಿ ತೋರಿಸ್ತು!

"ಅಯ್ಯಯ್ಯೋ!"

ಓಡಿ ಬಂದ್ರು ಎಲ್ಲ. ಭಟ್ಟ ಗಾಳಕ್ಕೆ ಕೈ ಹಾಕಿದ. "ಎಳೀಬೇಡ ಕಣೋ ಮುಂಡೇದೆ!" ಪೂಜಾರಿ ಒಣಬಟ್ಟೇಲಿ ಹಿಡ್ಕೊಂಡ. "ಒಣಬಟ್ಟೆ ಬೇಡ, ಉರಿಯುತ್ತೆ, ಒದ್ದೆ ಮಾಡ್ಕೊಳ್ಳೋ!" ಪೂಜಾರಿ ಗಾಯಕ್ಕೆ ಅರಿಶಿನ ತಂದ, ಭಟ್ಟ ಶೌರ್ಯದ ಪದ್ಯ ಶುರು ಮಾಡ್ದ. "ಪೂಜೆ ಆಮೇಲೆ ಮಾಡ್ರೋ, ಮೊದಲು ಇದನ್ನ ತೆಗೀರಿ! ಅವ್ವಾ! ಅವ್ವಾ, ನೀನೇ ಬಾ!"

ದೊಡ್ಡಮ್ಮಣ್ಣಿ ಎಲೆಅಡಿಕೆ ಉಗಿದು ಎದ್ದು ಬಂದಳು. ಕುದುರೆಯವನ ಲಾಳ ಕೀಳೋ ಇಕ್ಕಳ ಇಸ್ಕೊಂಡು, ಹೊರಗೆ ಕಾಣ್ತಿದ್ದ ಮುಳ್ಳನ್ನ ಅಮುಕಿ ಚಪ್ಪಟೆ ಮಾಡಿದಳು. ಮಗನ ಕೈಯನ್ನ ನೀರಲ್ಲಿ ಅದ್ದಿ, ಗಾಳ ಹೊಕ್ಕ ದಾರೀಲೇ ಮೆಲ್ಲಗೆ ಹಿಂದಕ್ಕೆ ಜಾರಿಸಿದಳು. ಬಂದೇ ಬಿಡ್ತು.

ಭೈರರಾಯ ಉಸ್ಸಂತ ಕೂತ. ತೇಲ್ತಿದ್ದ ಎರಡು ಮೀನು ಕಂಡವು. ತನ್ನ ಹೆಬ್ಬೆಟ್ಟು ನೋಡ್ಕೊಂಡ, ಮೀನುಗಳ ಕಡೆ ನೋಡ್ದ. ನಾಚಿಕೆಯಿಂದ ಸತ್ತು ಹೋಗೋ ಹಾಗಾಯ್ತು ಅವನಿಗೆ.

ಮುಳ್ಳು ಚಪ್ಪಟೆಯಾದ ಅದೇ ಗಾಳವನ್ನ ಮಡುವಿಗೆ ಹಾಕಿದ. "ಮುಳ್ಳಿಲ್ಲದ ಗಾಳದಲ್ಲಿ ಮೀನು ನಿಲ್ಲುತ್ತೇನೋ?" ಅಂತ ಸೋಮರಾಯ ನಕ್ಕ. ದಾರ ಬಿಗಿಯಾಗಿಟ್ಟರೆ ಯಾಕೆ ನಿಲ್ಲಲ್ಲ? ಕಚ್ಚಿತು, ನಿಂತಿತು. ಈ ಸಲ ದಡಕ್ಕೆ ಎಳೀಲಿಲ್ಲ, ತಾನೇ ಸೊಂಟದ ಮಟ್ಟ ನೀರಿಗಿಳಿದ. ಕೈ ಒದ್ದೆ ಮಾಡ್ಕೊಂಡು, ಮೀನನ್ನ ನೀರಲ್ಲೇ ಹಿಡಿದು, ಗಾಳ ಹೊಕ್ಕ ದಾರೀಲೇ ಹಿಂದಕ್ಕೆ ತೆಗೆದ. ಪೂಜಾರಿ ಹಾರ ಹಿಡ್ಕೊಂಡು ಇಳಿದ. "ಅಲ್ಲೇ ನಿಲ್ಲು!" ಅಂತ ಭೈರರಾಯ ಗದರಿದ. ನೀರು ಬರೋ ಕಡೆಗೆ ಮೀನಿನ ಮುಖ ಮಾಡಿ ಹಿಡ್ಕೊಂಡ. ಕಿವಿರು ಆಡಿತು. ಜನ ಉಸಿರು ಹಿಡಿದ್ರು. "ಹೋಗವ್ವ, ನಿಂಗೆ ಕೈ ಮುಗೀತೀನಿ" ಅಂದ. ಮೀನು ಬಾಲ ಬಡಿದು, ಅವನ ಮುಖಕ್ಕೆ ನೀರು ರಾಚಿ ಹೋಯ್ತು ನೋಡಿ!

ಕಹಳೆ ಊದಿದ್ರು. ಭೈರರಾಯ ದೊರೆಯಾದ. ಗದ್ದುಗೆ ಮೇಲೆ ಕೂತವನು ತಾಯಿಯ ಕಿವೀಲಿ ಕೇಳ್ದ, "ಅವ್ವ, ನಿಂಗಿದೆಲ್ಲ ಹೆಂಗೆ ಗೊತ್ತು?"

"ನಿಮ್ಮಪ್ಪನ ಹೆಬ್ಬೆಟ್ಟಿಂದ ಗಾಳ ತೆಗೆದವಳು ನಾನೇ ಕಣೋ. ನಿಮ್ಮ ತಾತನ ಹೆಬ್ಬೆಟ್ಟಿಂದ ತೆಗೆದದ್ದು ನಮ್ಮತ್ತೆ."

"ಅಪ್ಪನ ಆ ಗಾಯ ಹುಲಿ ಕಚ್ಚಿದ್ದಲ್ವಾ?"

"ಹಂಗಂತ ಅವರು ಹೇಳ್ತಿದ್ರು."

ಅಷ್ಟರಲ್ಲಿ ಹೊಗಳುಭಟ್ಟ ಕೈಕಟ್ಟಿ ಬಂದು ನಿಂತ. "ಬುದ್ಧಿ, ಹೊಸ ಪದ್ಯ ಕಟ್ತಿದ್ದೀನಿ. ಹೆಬ್ಬೆಟ್ಟಿನ ಗಾಯ ಹೆಂಗಾಯ್ತು ಅಂತ ಹೇಳ್ಲಿ?"

ದೊರೆ ತಾಯಿಯ ಮುಖ ನೋಡಿದ. ತುಂಬಿದ ಸಭೆ ನೋಡಿದ. ಗಂಟಲು ಸರಿ ಮಾಡ್ಕೊಂಡ.

"ಮೊಸಳೆ" ಅಂದ.

ಅವರ ಪದ್ಯ ಅವರಿಗಿರ್ಲಿ, ನನ್ನ ಕಥೆ ನಿಮಗಿರ್ಲಿ. ಹ್ಞೂಂ ಅಂದವರು ಮನೆಗೆ ಹೋಗಿ, ಅನ್ನದವರು ಇಲ್ಲೇ ಮಲಗಿ.