ಹದಿನಾಲ್ಕನೇ ಫೋನು

ಲೈಟು ಆರಿಸ್ಬೇಡಿ, ಇರ್ಲಿ. ಇದು ನಮ್ಮ ಚಿಕ್ಕಮ್ಮನ ಮಗನಿಗೇ ಆಗಿದ್ದು.

ಲಿಫ್ಟ್ ರಿಪೇರಿ ಆಫೀಸಲ್ಲಿ ಫೋನ್ ಎತ್ತೋ ಕೆಲಸ ಅವನದು. ರಾತ್ರಿ ಹನ್ನೆರಡರವರೆಗೆ ಪಾಳಿ. ಆವತ್ತು ಹನ್ನೊಂದಕ್ಕೇ ಬಾಗಿಲು ಹಾಕಿ, ಹಿಂದಿನ ಪಾಳುಬಾವಿ ದಾಟಿ ಮನೆಗೆ ಹೊರಟಿದ್ದಾನೆ. ಜೇಬಲ್ಲಿ ಮೊಬೈಲು... ಟಿಣ್. ನೋಡಿದ. ಆಫೀಸಿನ ಆ್ಯಪು. ‘ಹದಿನಾಲ್ಕು: ಮಾತಾಡ್ತಿದ್ದಾರೆ.’

ಕಾಲು ಅಲ್ಲೇ ನಿಂತುಬಿಡ್ತು. ಹದಿನಾಲ್ಕು ಫೋನಕ್ಕನ ನಂಬರು. ಅವಳು ಸತ್ತು ತಿಂಗಳಾಗಿತ್ತು.

ಫೋನಕ್ಕ ಇಪ್ಪತ್ತು ವರ್ಷ ಅದೇ ಮೇಜಲ್ಲಿ ಕೂತವಳು. ಎದೆ ತುಂಬ ಕಫ. ‘ಖ್ರ್ರ್...’ ಅಂತ ಗಂಟಲು ಸರಿಮಾಡ್ಕೊಂಡೇ ಹಲೋ ಅನ್ನೋಳು. ರಿಸೀವರ್ ಎಲ್ಲ ಎಂಜಲು. ಆಫೀಸಲ್ಲಿ ಇವರೆಲ್ಲ ಮೂಗು ಮುರಿಯೋರು, ಅವಳು ನಾಚ್ಕೊಂಡು ಬಟ್ಟೆಯಲ್ಲಿ ಒರೆಸೋಳು.

ಅವಳು ಹೋದಮೇಲೆ ಸಾಹೇಬ್ರು ಒಂದು ಆ್ಯಪ್ ಹಾಕಿಸಿದ್ರು. ಬರೋ ಫೋನನ್ನ ಯಾರಿಗೆ ಕೊಡ್ಬೇಕು ಅಂತ ಹಂಚೋದು, ಎತ್ತದೇ ಬಿಟ್ಟಿದ್ದನ್ನ ಲೆಕ್ಕ ಇಡೋದು. ಪುಕ್ಕಟೆ. ಓಪನ್ ಸೋರ್ಸ್ ಅಂತಾರಲ್ಲ, ಯಾರು ಬೇಕಾದ್ರೂ ಒಳಗೆ ಕೈಹಾಕಿ ತಿದ್ದಬಹುದು. ಎತ್ತದ ಫೋನು ಜಾಸ್ತಿಯಾದ್ರೆ ಕೆಲಸ ಹೋಗುತ್ತೆ ಅಂದಿದ್ರು. ನಮ್ಮೋನು ಏನ್ಮಾಡ್ದ? ಮೂರು ಸಾಲು ತಿದ್ದಿದ. ನಾಲ್ಕು ರಿಂಗ್ ಆದ್ರೂ ಯಾರೂ ಎತ್ತದಿದ್ರೆ ಹದಿನಾಲ್ಕಕ್ಕೆ ಹೋಗ್ಬೇಕು, ‘ಎತ್ತಿದರು’ ಅಂತ ಲೆಕ್ಕಕ್ಕೆ ಬೀಳ್ಬೇಕು. ಎಲ್ಲಾನೂ ಸತ್ತವಳ ತಲೆಗೆ ಕಟ್ಟಿದ. ಥೂ. ನಮ್ಮ ರಕ್ತ ಅಂತ ಹೇಳ್ಕೊಳ್ಳೋಕೇ ಅಸಹ್ಯ.

ಜನ ಫೋನ್ ಮಾಡಿ, “ಆಯಮ್ಮನಿಗೆ ಹೇಳಿದ್ವಲ್ಲ, ಯಾಕೆ ಯಾರೂ ಬರ್ಲಿಲ್ಲ?” ಅನ್ನೋರಂತೆ. ಇವರು ಕಿಸಕ್ಕಂತ ನಕ್ಕು ಫೋನ್ ಇಡೋರು.

ಸರಿ, ಆವತ್ತು ರಾತ್ರಿ ವಾಪಸ್ ಆಫೀಸಿಗೆ ಓಡಿ ಬಂದ. ಬೀಗ ತೆಗೆದ... ಕತ್ತಲು. ಅವಳ ಮೇಜಿನ ಡ್ರಾಯರ್ ಒಳಗಿಂದ ಸದ್ದು. ಗೊರ್ರ್... ಗೊರ್ರ್... ಎಳೆದ. ಫೋನು, ವೈರೇ ಇಲ್ಲ. ಅವನೇ ಕಿತ್ತು ಇಟ್ಟಿದ್ದು. ರಿಸೀವರ್ ಎತ್ತಿ ಕಿವಿಗಿಟ್ಟ. ಬಿಸಿ. ಒದ್ದೆ. ಏನೋ ಲೋಳೆ ಕಿವಿಯಿಂದ ಕೆನ್ನೆಗೆ ಇಳೀತು.

“ಖ್ರ್ರ್... ಬಂದ್ಯಾ ತಮ್ಮಾ?”

ಇವನು ರಿಸೀವರ್ ಇಡೋಕೆ ಹೋದ.

“ಅಜ್ಜಿ ಒಬ್ರು ಲಿಫ್ಟಲ್ಲಿ ಸಿಕ್ಕಾಕೊಂಡಿದ್ದಾರೆ. ಉಸಿರು ಕಟ್ತಿದೆಯಂತೆ. ನಾನು ಮಾತಾಡಿಸ್ತಾ ಇದ್ದೀನಿ... ವಿಳಾಸ ಬರ್ಕೋ.”

“ಅಕ್ಕಾ... ನೀನು...”

“ಬರ್ಕೋ ತಮ್ಮಾ. ನಂಗೆ ಬರ್ಕೊಳ್ಳೋಕೆ ಕೈಯಿಲ್ಲ.”

ಬರ್ಕೊಂಡ. ರಿಪೇರಿಯವನನ್ನ ಎಬ್ಬಿಸಿ ಕಳಿಸಿದ. ಅಜ್ಜಿ ಉಳೀತು. ಆಚೆ ಬಂದು ಅಂದಿದ್ದು ಇಷ್ಟೇ: “ಆ ಹುಡುಗಿ ಕೊನೇವರೆಗೂ ಧೈರ್ಯ ಹೇಳ್ತು. ಪಾಪ, ನೆಗಡಿ. ಡಾಕ್ಟ್ರಿಗೆ ತೋರಿಸೋಕೆ ಹೇಳಪ್ಪ.”

ಬೆಳಗ್ಗೆ ಆ್ಯಪ್ ತೆಗೆದು ನೋಡಿದ್ರೆ, ಆ ತಿಂಗಳು ಹದಿನಾಲ್ಕಕ್ಕೆ ಅರವತ್ತೊಂದು ಫೋನು ಹೋಗಿದೆ. ಒಂದೊಂದರಲ್ಲೂ ಆರು ನಿಮಿಷ, ಒಂಬತ್ತು ನಿಮಿಷ ಮಾತು. ಅಷ್ಟೂ ಅವಳು ಎತ್ತಿದ್ದಾಳೆ. ಬರ್ಕೊಳ್ಳೋಕೆ ಒಬ್ಬನೂ ಇರ್ಲಿಲ್ಲ. ನಂಗೆ ಹೇಸಿಗೆ ಆ ಎಂಜಲಿನ ಮೇಲಲ್ಲ, ಇವರ ಮೇಲೆ.

ಆ ಮೂರು ಸಾಲು ಅಳಿಸಿದ್ದಾನೆ. ಈಗ ಹದಿನಾಲ್ಕು ಅನ್ನೋ ನಂಬರೇ ಇಲ್ಲ. ಆದ್ರೂ ದಿನಾ ರಾತ್ರಿ ಹೊರಡೋ ಮುಂಚೆ ಆ ರಿಸೀವರ್ ಮೇಲೆ ಒಗೆದು ಒಣಗಿಸಿದ ಬಟ್ಟೆ ಹಾಕಿ ಡ್ರಾಯರಿಗೆ ಬೀಗ ಹಾಕ್ತಾನೆ.

ನಂಬದಿದ್ರೆ ಬಿಡಿ. ಹೋದ ವಾರ ಬೆಳಗ್ಗೆ ಬೀಗ ತೆಗೆದಾಗ ನಾನೂ ಅಲ್ಲೇ ಇದ್ದೆ. ಆ ಬಟ್ಟೆ ಹಿಂಡಿದ್ದು ನಾನೇ.