ಪವರ್ ಹೌಸಿನವರು ಹೊಚ್ಚಾಕ ಬಂದ ಶಾಲು

...ಅಲ್ಲಲೇ ಮೊಮ್ಮಕ್ಕಳ್ರ್ಯಾ, ಕರೆಂಟ್ ಹೋಗಿ ಇನ್ನೂ ಚಹಾ ಕುದಿಯೂವಷ್ಟು ಹೊತ್ತಾಗಿಲ್ಲ, ಇಡೀ ಅಥಣಿ ರಸ್ತಾಕ ಕೇಳೂವಂಗ ಒದರಾಕತ್ತೀರಿ! ನಾವು ವರ್ಷಗಟ್ಲೆ ಕುಂತೇವಿ ಕತ್ತಲದಾಗ, ಅದೂ ಕರೆಂಟ್ ಹುಟ್ಟೂ ಜಾಗಾದ ಬಾಜೂಕ. ಹೊಳಿಗೆ ಒಡ್ಡು ಹಾಕಿದ್ರು ನೋಡ್ರಿ, ಗುಡ್ಡದಂಥಾ ಒಡ್ಡು, ಕಲ್ಲು ಮಣ್ಣು ಸುರದು ಸುರದು. ನಾನೂ ಬುಟ್ಟಿ ಹೊತ್ತೇನಿ ಅದಕ್ಕ, ನಿಮ್ಮ ಮುತ್ಯಾನೂ ಹೊತ್ತಾನ. ನೀರು ನಿಂತಮ್ಯಾಲೆ ನಮ್ಮೂರು ಮುಳುಗಿತು. ಮನಿ, ಹಿತ್ತಲದ ಬೇವಿನ ಗಿಡ, ಕರೀ ಮಣ್ಣಿನ ಎರಿ ಹೊಲ, ಎಲ್ಲಾ. ನಮ್ಮನ್ನ ತಂದು ಒಂದು ಬೋಳು ದಿನ್ನಿ ಮ್ಯಾಲೆ ಒಗದ್ರು, ಹೊಸ ಊರಂತ. "ಮೊದಲನೇ ಕರೆಂಟ್ ನಿಮಗಽ ಯವ್ವಾ" ಅಂದಿದ್ದ ಪವರ್ ಹೌಸಿನ ಸಾಹೇಬ. ಬಂತೇನು? ತಲಿ ಮ್ಯಾಲೆ ದೊಡ್ಡ ದೊಡ್ಡ ತಂತಿ ಹಾದು ಹೋದ್ವು, ಗುಂಯ್ ಅಂತಿದ್ವು, ನಮ್ಮ ಓಣ್ಯಾಗ ಮಾತ್ರ ಅದಽ ಚಿಮಣಿ ಎಣ್ಣಿ ದೀಪ. ಒಂದಿನ ಹೊತ್ತು ಮುಣಗಿತ್ತು, ನಮ್ಮತ್ತಿ, ಅಂದ್ರ ನಿಮ್ಮ ಮುತ್ಯಾನ ಅವ್ವ, ಚರಗಿ ಹಿಡಕೊಂಡು ಹೊರಗ ಹೋದಾಕಿ, ಅರ್ಧಾ ತೋಡಿ ಬಿಟ್ಟಿದ್ದ ಗಟಾರದಾಗ ಬಿದ್ಲು. ಸೊಂಟ ಮುರೀತು. ಹಾಸಿಗಿ ಬಿಟ್ಟು ಏಳಲೇ ಇಲ್ಲ ಆಕಿ.

ಹಂತಾದ್ರಾಗ ಪವರ್ ಹೌಸಿನಾಗ ಇನ್ನೊಂದು ಹೊಸಾ ಮಶಿನ್ ಚಾಲೂ ಮಾಡೂ ಕಾರ್ಯಕ್ರಮ ಬಂತು. ಮುಳುಗಡಿ ಊರಿನ ಹೆಣಮಗಳೊಬ್ಬಾಕಿಗೆ ಸನ್ಮಾನ ಅಂತ, ನನ್ನ ಕರದ್ರು. ಹೋದೆ. ಯಾಕ ಹೋದೆ? ಮಾತಾಡಾಕ ಹೋದೆ. ಸಾಹೇಬ ಮೈಕಿನಾಗ, "ನಾಡಿಗೆ ಬೆಳಕು ಕೊಡಲು ಈ ತಾಯಂದಿರು ಮನೆ ಮಠ ತ್ಯಾಗ ಮಾಡಿದ್ದಾರೆ" ಅಂದ, ಶಾಲು ಬಿಚ್ಚಿಕೊಂಡು ಬಂದ. ಮೈಯೆಲ್ಲಾ ಉರೀತು ನನಗ. ಕೈ ಹಿಡದು ನಿಲ್ಲಿಸಿದೆ. "ತಡೀರಿ ಸಾಹೇಬ್ರ. ತ್ಯಾಗ ಯಾರು ಮಾಡ್ಯಾರ್ರಿ? ನಮ್ಮನ್ನ ಕೇಳಿದ್ರೇನು? ಕಸಗೊಂಡೀರಿ!" ಆಂವ ಸಣ್ಣಕ, "ಯವ್ವಾ, ದೊಡ್ಡಾವ್ರು ಕುಂತಾರ" ಅಂದ. "ಕುಂದರ್ಲಿ! ನಮ್ಮತ್ತಿ ಸೊಂಟ ಮುರಕೊಂಡು ಮಲಗ್ಯಾಳ. ಈ ಶಾಲು ಒಯ್ದು ನಮ್ಮೂರ ಲೈಟಿನ ಕಂಬಕ್ಕ ಹೊಚ್ಚರಿ, ಕಂಬ ಇದ್ರ!" ಪಟಕ್ನ ಮೈಕ್ ಬಂದ್ ಮಾಡಿದ್ರು. ಮಾಡಿದ್ರೇನಾತು, ನನ್ನ ದನಿಗೆ ಮೈಕ್ ಬೇಕೇನು? ನಮ್ಮೂರ ಹೆಣಮಕ್ಕಳು ಒಬ್ಬರ ಹಿಂದ ಒಬ್ರು ಎದ್ದು ಹೊಂಟ್ರು, ಪೆಂಡಾಲ್ ಅರ್ಧಾ ಖಾಲಿ. ಹಾದ್ಯಾಗ ನಿಮ್ಮ ಮುತ್ಯಾ, "ಆತು, ಇನ್ನ ಕರೆಂಟ್ ಬಂದಂಗಽ" ಅಂದ. ಬಂತು! ದೀಪಾವಳಿಗೆ, ಅಲ್ಲಲ್ಲ, ಪಂಚಮಿ ಮುಂದ ಕಂಬ ನೆಟ್ರು. ಮೊದಲ ಬಲ್ಬ್ ಹತ್ತಿದಾಗ ಓಣಿ ಮಂದಿ ಚಪ್ಪಾಳಿ ಹೊಡದ್ರು. ನಾ ಹೊಡೀಲಿಲ್ಲ. ಅತ್ತಿ ಹಾಸಿಗಿ ಅಷ್ಟೊತ್ತಿಗೆ ಸುತ್ತಿ ಇಟ್ಟಿದ್ದೆ, ಆಕಿನಽ ಇರಲಿಲ್ಲ. ಅದಕ್ಕಽ ಹೇಳತೀನಿ, ಯಾರರೆ ಶಾಲು ಹೊಚ್ಚಾಕ ಬಂದ್ರ, ಕುತ್ತಿಗಿ ಬಗ್ಗಿಸೂಕಿಂತ ಮೊದಲು ಬಾಯಿ ತೆಗೀರಿ.