ಊರಿಗೆ ಹೋಗುವವರೆಗಿನ ಹಲ್ಲುನೋವು

ಹಲೋ... ಯಾರು ಮಾತಾಡುದು? ಸಿದ್ದೀಕಾಕನಾ? ನಾನು ಶರ್ಮಿಳಾ, ಫಾರ್ಮಸಿಯಿಂದ. ಈಗಷ್ಟೇ ವಾಟ್ಸಾಪಲ್ಲಿ ಮುಖದ ಫೋಟೋ ಕಳಿಸಿದ್ರಲ್ಲ, ಇದಕ್ಕಿಂತ ಗಟ್ಟಿ ಮಾತ್ರೆ ಉಂಟಾ ಅಂತ ಕೇಳಿ. ಅದು ನೋಡಿಯೇ ಫೋನ್ ಮಾಡಿದ್ದು...

ಹಾಂ? ಎಂತ ಹೇಳಿದ್ದು? ಒಂದೂ ಗೊತ್ತಾಗ್ಲಿಲ್ಲ...

ಬಾಯಿ ಬಿಡ್ಲಿಕ್ಕೇ ಆಗುದಿಲ್ವಾ? ಬೇಡ, ಮಾತಾಡ್ಬೇಡಿ. ಫೋನಿನ ಮೇಲೆ ಬೆರಳಲ್ಲಿ ಕುಟ್ಟಿ. ಹೌದಾದ್ರೆ ಒಂದು, ಅಲ್ಲಾದ್ರೆ ಎರಡು. ಆಯ್ತಾ?...

ಸರಿ, ಕೇಳಿತು. ಗಲ್ಲದ ಅಡಿಯಲ್ಲಿ ಎರಡೂ ಬದಿ ಊದಿದೆ ಅಲ್ವಾ?... ಹಾಂ. ಜ್ವರ ಉಂಟಾ?... ಎಂಜಲು ನುಂಗ್ಲಿಕ್ಕೆ ಆಗ್ತದಾ?...

ಎರಡು. ಆಗುದಿಲ್ಲ.

ಅಯ್ಯೋ ದೇವರೇ... ಅಲ್ಲ ಅಲ್ಲ, ನಿಮಗೆ ಹೇಳಿದ್ದಲ್ಲ. ಮಲಗಿದ್ದೀರಾ? ಏಳಿ, ಕೂತ್ಕೊಳ್ಳಿ. ಸ್ವಲ್ಪ ಮುಂದೆ ಬಾಗಿ. ಎಂಜಲು ಹೊರಗೆ ಬಂದ್ರೆ ಬರ್ಲಿ, ನಾಚಿಕೆ ಬೇಡ...

ನಾನು ಕೊಟ್ಟ ನೋವಿನ ಮಾತ್ರೆ ಬಿಟ್ಟು ಬೇರೆ ಎಂತಾದ್ರೂ ತಿಂದಿದ್ದೀರಾ? ರೂಮಿನವರು ಊರಿಂದ ತಂದು ಬಿಸ್ಕೆಟ್ ಡಬ್ಬಿಯಲ್ಲಿ ಇಡ್ತಾರಲ್ಲ, ಆಂಟಿಬಯಾಟಿಕ್, ಅದು?... ತಿಂದಿದ್ದೀರಿ. ಒಬ್ಬ ಎರಡು ಕೊಟ್ಟ, ಇನ್ನೊಬ್ಬ ಮೂರು, ಹಾಗಾ?... ಅದರಿಂದ ಎಂತ ಆಗ್ತದೆ ಮಾರಾಯ್ರೆ. ನೋವು ಮಾತ್ರ ಅಡಗಿದ್ದು. ಹಲ್ಲಿನ ಕೀವು ಕುತ್ತಿಗೆಗೆ ಇಳಿದ ಹಾಗೆ ಕಾಣ್ತದೆ. ಇನ್ನು ಯಾವ ಮಾತ್ರೆಯೂ ಬೇಡ.

ಗ್ರೇಸಿ, ಬಿಲ್ ಹಾಕುದು ಬಿಡು, ಅಂಗಡಿಯ ಆ ಫೋನಿಂದ ಆಂಬುಲೆನ್ಸಿಗೆ ಮಾಡು. ಬರ್ ದುಬೈ, ಬಟ್ಟೆ ಬಜಾರಿನ ಹಿಂದೆ. ಇವರ ರೂಮಿನ ಕೆಳಗಿನ ಅಂಗಡಿಯಲ್ಲಿ ನಿಯಾಝ್ ಅಂತ ಇದ್ದಾನೆ, ಇವರ ರೂಮಿನವನೇ. ಅವನಿಗೆ ಮೇಲೆ ಓಡ್ಲಿಕ್ಕೆ ಹೇಳು.

ಎರಡು ಕುಟ್ಟಿದ್ದು ಯಾಕೆ?... ಆಂಬುಲೆನ್ಸ್ ಬೇಡವಾ? ನಾಳೆ ಫ್ಲೈಟ್ ಅಂತಲಾ?...

ಗೊತ್ತುಂಟು ಕಾಕ. ಎರಡು ವರ್ಷಕ್ಕೆ ಒಂದು ಲೀವು. ಹಲ್ಲು, ಕಣ್ಣು, ಮಂಡಿನೋವು, ಎಲ್ಲ ಊರಿಗೆ ಹೋದಾಗ ಅಂತ ಇಟ್ಟುಕೊಳ್ಳುದು ನಾವೆಲ್ಲ. ಆದ್ರೆ ಈ ಬಾವು ನಾಳೆವರೆಗೆ ಕಾಯುದಿಲ್ಲ. ಗಂಟಲು ಮುಚ್ಚಿದ್ರೆ ಉಸಿರಾಡ್ಲಿಕ್ಕೇ ಆಗುದಿಲ್ಲ. ಹೆದರಿಸ್ಲಿಕ್ಕೆ ಹೇಳುದಲ್ಲ...

ಮತ್ತೆ ಎರಡಾ? ನನ್ನ ಮೇಲೆ ಸಿಟ್ಟಾ?...

ಒಂದು. ಹೌದು, ಸಿಟ್ಟು ಬರ್ಲೇಬೇಕು. ಮೂರು ವಾರದ ಹಿಂದೆ ನೀವು ಕೇಳಿದ್ರಿ, ಇಲ್ಲಿಯೇ ಹಲ್ಲಿನ ಡಾಕ್ಟರಿಗೆ ತೋರಿಸುದಾ ಅಂತ. ಇಲ್ಲಿ ಯಾಕೆ ಸುಮ್ನೆ, ಹೇಗೂ ಊರಿಗೆ ಹೋಗ್ತೀರಲ್ಲ ಅಂತ ಹೇಳಿದ್ದು ನಾನೇ. ನಮ್ಮೂರಿನವರಿಗೆ ಒಂದು ಉಪಕಾರ ಅಂತ ಎಣಿಸಿದೆ. ಬಾಯಿ ತೆಗೆಸಿ ಒಂದು ಸಲ ನೋಡ್ಲಿಲ್ಲ. ಆವತ್ತು ನನ್ನ ಮಾತು ಕೇಳಿದ್ರಿ. ಇವತ್ತೂ ಒಂದು ಸಲ ಕೇಳಿ, ದಮ್ಮಯ್ಯ...

ಕಾಕ?...

ಒಂದು. ಒಂದೇ ಅಲ್ವಾ? ಹೋಗ್ತೀರಲ್ವಾ?... ಆಯ್ತು, ಆಯ್ತು. ಬಾಗಿಲಿನ ಚಿಲಕ ತೆಗೆದಿಟ್ಟು ಕೂತ್ಕೊಳ್ಳಿ. ಮೆಲ್ಲ ಹೋಗಿ. ಫೋನ್ ಕಟ್ ಮಾಡ್ಬೇಡಿ...

ಅದೆಂತ ಶಬ್ದ? ಬಿದ್ರಾ? ಕಾಕ, ಕುಟ್ಟಿ. ಒಂದು ಸಲ ಕುಟ್ಟಿ... ಸಿದ್ದೀಕಾಕ...

ಯಾರು? ನಿಯಾಝಾ? ಆಂಬುಲೆನ್ಸಿನವರೂ ಬಂದ್ರಾ? ಹತ್ರವೇ ಇದ್ರಾ?... ಎಂತ ಕೇಳ್ತಿದ್ದಾರೆ ಅವರು?... ಇಷ್ಟು ದಿನ ಮದ್ದು ಕೊಟ್ಟದ್ದು ಯಾರು ಅಂತಲಾ?...

ಗ್ರೇಸಿ, ನೀನು ಸುಮ್ಮನಿರು. ಲೈಸೆನ್ಸ್ ಹೋದ್ರೆ ಹೋಗ್ಲಿ.

ನಿಯಾಝ್, ಬರ್ಕೊಳ್ಲಿಕ್ಕೆ ಹೇಳು. ಶರ್ಮಿಳಾ, ಫಾರ್ಮಸಿಸ್ಟ್. ನೋವಿನ ಮಾತ್ರೆ ದಿನಕ್ಕೆ ಮೂರು, ಇಪ್ಪತ್ತೆರಡು ದಿನ. ಡಾಕ್ಟರ ಹತ್ರ ಹೋಗುದು ಬೇಡ ಅಂದದ್ದೂ ಅವಳೇ, ಅದನ್ನೂ ಹೇಳು... ಹೇಳಿದ್ಯಾ? ಇನ್ನು ನನಗೆ ಒಂದು ಹೇಳು. ಅವರಿಗೆ ಉಸಿರು ಉಂಟಲ್ವಾ?... ನಿಯಾಝ್, ಫೋನ್ ಅವರ ಮೂಗಿನ ಹತ್ರ ಹಿಡಿ. ಉಸಿರು ಉಂಟಾ ಹೇಳು... ಹಲೋ? ಗ್ರೇಸಿ, ಲೈನ್ ಕಟ್ಟಾಯ್ತು.